‘ಆರ್ಗ್ಯುಮೆಂಟ್’ಗೆ ‘ವಾದ’ ಬೇಡ, ‘ಕಾರಕ’ ಆದೀತೇ?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದೇಶಗಳನ್ನು ಟೈಪ್ ಮಾಡಿ ಕೊಡುವ ಕಮಾಂಡ್ ಲೈನಿನ ಅಧ್ಯಾಯಕ್ಕೆ ಬಂದು, ಆದೇಶದ ಜೊತೆಗೆ ನಾವು ಕೊಡುವ ಬೆಲೆಗೆ (ವ್ಯಾಲ್ಯೂ) ಇರುವ ಆರ್ಗ್ಯುಮೆಂಟ್ ಎಂಬ ಒಂದು ಪದದ ಮುಂದೆ ಎರಡು ದಿನದಿಂದ ಕುಳಿತಿದ್ದೇನೆ. ‘ಈ ಸ್ಕ್ರಿಪ್ಟ್ ಎರಡು ವಾದಗಳನ್ನು ಸ್ವೀಕರಿಸುತ್ತದೆ’ ಎಂದು ಬರೆದರೆ ಸ್ಕ್ರಿಪ್ಟಿಗೆ, ಅಂದರೆ ಆ ಪುಟ್ಟ ಪ್ರೋಗ್ರಾಮಿಗೆ, ಕರಿಕೋಟು ತೊಡಿಸಿ ನ್ಯಾಯಪೀಠದಲ್ಲಿ ಕೂರಿಸಿದಂತಾಗುತ್ತದೆ. ಹಾಗೆ ನೋಡಿದರೆ ಈ ಬಳಕೆಗೂ ವಾಗ್ವಾದಕ್ಕೂ ನಂಟಿಲ್ಲ. ಹಳೆಯ ಖಗೋಳ ಕೋಷ್ಟಕಗಳಲ್ಲಿ ಯಾವ ಕೋನವನ್ನು ಹಿಡಿದು ಬೇಕಾದ ಬೆಲೆಯನ್ನು ಹುಡುಕುತ್ತಿದ್ದರೋ ಅದನ್ನು ಆರ್ಗ್ಯುಮೆಂಟ್ ಎನ್ನುತ್ತಿದ್ದರು. ಗಣಿತದ ಮೂಲಕ ಕಂಪ್ಯೂಟರಿಗೆ ಇಳಿದು ಬಂದದ್ದು ಆ ಅರ್ಥ.

ನನಗೆ ಹೊಳೆದದ್ದು ವ್ಯಾಕರಣದ ‘ಕಾರಕ’: ಯಾರು, ಯಾವುದನ್ನು, ಯಾವುದಕ್ಕೆ ಎಂದು ಪದಗಳನ್ನು ಕ್ರಿಯೆಗೆ ಬೆಸೆಯುವುದು. ಫೈಲನ್ನು ನಕಲಿಸುವ ಆದೇಶ ಸಿಪಿ (cp). ‘ಸಿಪಿ ಕರಡು ಪ್ರತಿ’ ಎಂದು ಟೈಪ್ ಮಾಡಿದಾಗ ಸಿಪಿ ಕ್ರಿಯಾಪದ, ಉಳಿದೆರಡು ಆ ಕ್ರಿಯೆಗೆ ಬೇಕಾದವು. ‘ಕರಡನ್ನು ಪ್ರತಿಗೆ ನಕಲಿಸು’ ಎಂದರೂ ‘ಪ್ರತಿಗೆ ಕರಡನ್ನು ನಕಲಿಸು’ ಎಂದರೂ ಕನ್ನಡಕ್ಕೆ ಒಂದೇ, ವಿಭಕ್ತಿ ಕಾಯುತ್ತದೆ. ಸಿಪಿಗೆ ವಿಭಕ್ತಿಯಿಲ್ಲ, ಸ್ಥಾನವೇ ಎಲ್ಲ. ಎರಡು ಹೆಸರು ಹಿಂದುಮುಂದಾಗಿ, ಒಂದು ವಾರದ ಬರಹದ ಮೇಲೆ ಹಳೆಯ ಪ್ರತಿ ಸದ್ದಿಲ್ಲದೆ ಬಂದು ಕುಳಿತದ್ದನ್ನು ಅನುಭವಿಸಿದವನು ನಾನು. ಆದರೆ ಸಿಪಿಯ ಗ್ನೂ (GNU) ಆವೃತ್ತಿಯಲ್ಲಿ ‘-ಟಿ’ (-t) ಎಂಬ ಆಯ್ಕೆಯಿದೆ: ಅದರ ಬೆನ್ನಿಗೆ ಬಂದ ಫೋಲ್ಡರ್, ಸಾಲಿನಲ್ಲಿ ಮೊದಲೇ ಇದ್ದರೂ, ತಲುಪಬೇಕಾದ ಜಾಗವೇ. ಅದು ನಮ್ಮ ‘ಗೆ’ ಪ್ರತ್ಯಯವಲ್ಲದೆ ಇನ್ನೇನು? ಮಾಡುತ್ತಿರುವುದನ್ನು ಹೇಳುತ್ತಾ ಹೋಗು ಎನ್ನುವ ‘-ವಿ’ (-v) ಆಯ್ಕೆಯಂಥವು ತಮ್ಮ ಹಿಂದೆ ಯಾವ ಬೆಲೆಯನ್ನೂ ಬೇಡುವುದಿಲ್ಲ, ‘ಹೇಳುತ್ತಾ ನಕಲಿಸು’ ಎಂಬಲ್ಲಿನ ‘ಹೇಳುತ್ತಾ’ ಹಾಗೆ, ಬರೀ ಕ್ರಿಯಾವಿಶೇಷಣ.

ಸ್ಕ್ರಿಪ್ಟಿಗೆ ಕೊಟ್ಟ ಆರ್ಗ್ಯುಮೆಂಟುಗಳು ಬಂದು ಸೇರುವ ಪೈಥಾನಿನ ಸಿಸ್.ಆರ್ಗ್‌ವಿ (sys.argv) ಪಟ್ಟಿಯಲ್ಲಿ 0ನೆಯ ಸ್ಥಾನ ಸ್ಕ್ರಿಪ್ಟಿನ ಹೆಸರಿಗೇ ಮೀಸಲು, ನಾವು ಕೊಟ್ಟದ್ದು 1ರಿಂದ ಶುರು. ಪರ್ಲ್ ಭಾಷೆ ಸ್ಕ್ರಿಪ್ಟಿನ ಹೆಸರನ್ನು ಬೇರೆ ಚರದಲ್ಲಿಟ್ಟು (ವೇರಿಯಬಲ್) ನಾವು ಕೊಟ್ಟದ್ದನ್ನು 0ರಿಂದಲೇ ಎಣಿಸುತ್ತದೆ. ಕ್ರಿಯಾಪದವನ್ನು ಕಾರಕಗಳ ಸಾಲಿನಲ್ಲಿ ಸೇರಿಸದ ಪರ್ಲ್, ಈ ಒಂದು ವಿಷಯದಲ್ಲಿ, ವೈಯಾಕರಣರ ಕಡೆಗಿದೆ.

ಇಷ್ಟು ಬರೆದ ಮೇಲೆ ನನ್ನ ಪದಕ್ಕೆ ನಾನೇ ತಕರಾರು ತೆಗೆಯಬೇಕಾಗಿದೆ. ‘ರೋಗಕಾರಕ’ದ ನೆನಪು ಬರುತ್ತದೆ ಎಂಬುದು ಸಣ್ಣ ತೊಡಕು. ದೊಡ್ಡದು ಇದು: ಕಾರಕವೆಂದರೆ ಕ್ರಿಯೆಯೊಡನೆ ಇರುವ ಸಂಬಂಧ, ಆ ಸಂಬಂಧದಲ್ಲಿ ನಿಂತ ವಸ್ತುವಲ್ಲ. ಫಂಕ್ಷನ್, ಅಂದರೆ ಬೇಕಾದಾಗ ಕರೆಯಬಹುದಾದ ಆದೇಶಗಳ ಕಂತೆ, ಬರೆಯುವಾಗ ಹೆಸರಿಟ್ಟು ಕಾದಿರಿಸುವ ಜಾಗ ಪ್ಯಾರಾಮೀಟರ್. ಕರೆಯುವಾಗ ಅಲ್ಲಿ ತುಂಬುವ ಬೆಲೆ ಆರ್ಗ್ಯುಮೆಂಟ್. ಹಾಗಾದರೆ ‘ಕಾರಕ’ ಪ್ಯಾರಾಮೀಟರಿಗೇ ಹೆಚ್ಚು ಒಪ್ಪುವ ಪದವಲ್ಲವೇ? ತುಂಬುವ ಬೆಲೆಯನ್ನು ‘ಊಡಿಕೆ’ ಎನ್ನೋಣವೆಂದರೆ ಅದು ಇನ್‌ಪುಟ್‌ಗೆ ಬೇಕು, ಮತ್ತು ಕಮಾಂಡ್ ಲೈನಿನಲ್ಲಿ ಅವೆರಡು ಬೇರೆ ಬೇರೆ ಬಾಗಿಲಿನಿಂದ ಬರುತ್ತವೆ: ಆರ್ಗ್ಯುಮೆಂಟ್ ಆದೇಶದ ಸಾಲಿನಲ್ಲೇ, ಇನ್‌ಪುಟ್ ಪ್ರೋಗ್ರಾಂ ಓಡುವಾಗ.

ಪಾಠ ಹೇಳುವವರು ಇಲ್ಲಿದ್ದರೆ ತಿಳಿಸಿ: ಬೋರ್ಡಿನ ಮುಂದೆ ನಿಂತಾಗ ನಿಮ್ಮ ಬಾಯಿಗೆ ಯಾವ ಪದ ಬರುತ್ತದೆ? ‘ಆರ್ಗ್ಯುಮೆಂಟ್ ಕೊಡಿ’ ಎಂದೇ ಹೇಳುವುದಾದರೆ ಅದನ್ನೂ ಮುಚ್ಚುಮರೆಯಿಲ್ಲದೆ ಬರೆಯಿರಿ.