ಡೂಮ್ ಮತ್ತು ಮಿಸ್ಟ್ ಒಂದೇ ವರ್ಷ ಬಂದವು, ಗೇಮಿಂಗ್ ಸಂಸ್ಕೃತಿ ಮೇಲೆ ಯಾವುದರ ಪ್ರಭಾವ ಜಾಸ್ತಿ?

ಪಿಕ್ಸೆಲ್ ಪಯಣ

ಹಳೆಯ ಪಿಸಿ ಗೇಮ್‌ಗಳ ಬಗ್ಗೆ ಓದುತ್ತಿದ್ದೆ. 1993ರ ಸೆಪ್ಟೆಂಬರ್‌ನಲ್ಲಿ ಮಿಸ್ಟ್ ಬಂತು, ಡಿಸೆಂಬರ್‌ನಲ್ಲಿ ಡೂಮ್. ನಡುವೆ ಮೂರು ತಿಂಗಳೂ ಇಲ್ಲ. ಆದರೆ ಎರಡನ್ನೂ ಆಡಿ ನೋಡಿದರೆ ಒಂದೇ ಕಾಲದವು ಅಂತ ಅನಿಸುವುದೇ ಇಲ್ಲ. ಮಿಸ್ಟ್‌ನಲ್ಲಿ ಯಾರೂ ಇಲ್ಲದ ಒಂದು ದ್ವೀಪ, ಚಿತ್ರದಿಂದ ಚಿತ್ರಕ್ಕೆ ಕ್ಲಿಕ್ ಮಾಡುತ್ತಾ ಹೋಗಬೇಕು, ಶತ್ರುಗಳಿಲ್ಲ, ಟೈಮರ್ ಇಲ್ಲ, ಸಾಯುವುದೂ ಇಲ್ಲ. ಡೂಮ್‌ನಲ್ಲಿ ರಾಕ್ಷಸರಿಗೆ ಗುಂಡು ಹೊಡೆಯುತ್ತಾ ಓಡುತ್ತಲೇ ಇರಬೇಕು, ಸುಮ್ನೆ ನಿಂತರೆ ಮುಗೀತು. ಎಲ್ಲಿ ನೋಡಿದರೂ ಡೂಮ್ ಇತಿಹಾಸ ಬದಲಿಸಿತು ಅಂತ ಬರೆಯುತ್ತಾರೆ, ಮಿಸ್ಟ್ ಬಗ್ಗೆ "ತುಂಬಾ ಮಾರಾಟವಾಯಿತು" ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಇದು ಸರೀನಾ? ಗೇಮ್ ಆಡುವವರು ಇವತ್ತು ಒಬ್ಬರ ಜೊತೆ ಒಬ್ಬರು ಮಾತಾಡುವ ರೀತಿ, ಹಂಚಿಕೊಳ್ಳುವ ರೀತಿ, ಇದರಲ್ಲಿ ಯಾವುದರ ಪಾಲು ಎಷ್ಟು?

ಮಾಡ್ ಮನೆ

ಡೂಮ್ ಕಡೆಯಿಂದ ನಾನು ಹೇಳುತ್ತೇನೆ. ಶೂಟಿಂಗ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅದನ್ನು ಬಿಡಿ. ಮುಖ್ಯವಾದದ್ದು ಅದನ್ನು ಕಟ್ಟಿದ ರೀತಿ. ಡೂಮ್ ಮಾಡಿದ ಐಡಿ ಸಾಫ್ಟ್‌ವೇರ್ ಕಂಪನಿಯ ಜಾನ್ ಕಾರ್ಮ್ಯಾಕ್ ಆಟದ ಎಂಜಿನ್ ಅನ್ನು, ಅಂದರೆ ಆಟ ಓಡಿಸುವ ಮೂಲ ಪ್ರೋಗ್ರಾಂ ಅನ್ನು, ಒಂದು ಕಡೆ ಇಟ್ಟು, ಮ್ಯಾಪ್, ಚಿತ್ರ, ಸದ್ದು ಎಲ್ಲವನ್ನೂ ವ್ಯಾಡ್ ಅನ್ನುವ ಬೇರೆ ಫೈಲ್‌ಗೆ ಹಾಕಿದರು. ಆಡುವವರೇ ಅದನ್ನು ಬದಲಾಯಿಸಲಿ ಅಂತ ಬೇಕಂತಲೇ ಮಾಡಿದ್ದು. ಮೊದಲ ಭಾಗ ಶೇರ್‌ವೇರ್, ಅಂದರೆ ಯಾರು ಬೇಕಾದರೂ ಕಾಪಿ ಮಾಡಿ ಹಂಚಬಹುದಿತ್ತು. ಕೆಲವೇ ತಿಂಗಳಲ್ಲಿ ಅಭಿಮಾನಿಗಳು ತಾವೇ ಲೆವೆಲ್ ಎಡಿಟರ್ ಬರೆದುಕೊಂಡು ಮ್ಯಾಪ್ ಮಾಡಿ ಹಂಚಲು ಶುರು ಮಾಡಿದರು. 1996ರ ಫೈನಲ್ ಡೂಮ್‌ನ ಒಂದು ಭಾಗ ಟೀಮ್‌ಟಿಎನ್‌ಟಿ ಅನ್ನುವ ಅಭಿಮಾನಿಗಳ ಗುಂಪು ಉಚಿತವಾಗಿ ಬಿಡಲು ಮಾಡಿಟ್ಟಿದ್ದ ಕೆಲಸ, ಐಡಿಯವರೇ ಅದನ್ನು ಕೊಂಡುಕೊಂಡರು! 1997ರಲ್ಲಿ ಸೋರ್ಸ್ ಕೋಡ್ ಕೂಡ ಬಿಟ್ಟರು.

ಇದೇ ದಾರಿಯಲ್ಲಿ ಮುಂದೆ ಕೌಂಟರ್-ಸ್ಟ್ರೈಕ್ ಬಂತು, ಅದು ಶುರುವಾಗಿದ್ದು 1999ರಲ್ಲಿ ಹಾಫ್-ಲೈಫ್ ಅನ್ನುವ ಶೂಟಿಂಗ್ ಗೇಮ್‌ನ ಮಾಡ್ ಆಗಿ, ಅಂದರೆ ಇರುವ ಆಟವನ್ನೇ ಅಭಿಮಾನಿಗಳು ಬದಲಾಯಿಸಿ ಮಾಡಿದ ರೂಪವಾಗಿ. ನಾಲ್ಕು ಜನ ಕಂಪ್ಯೂಟರ್‌ಗಳಿಗೆ ಕೇಬಲ್ ಎಳೆದು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವ ಆಟಕ್ಕೆ ಡೆತ್‌ಮ್ಯಾಚ್ ಅಂತ ಹೆಸರಿಟ್ಟಿದ್ದು ಡೂಮ್‌ನ ಜಾನ್ ರೊಮೇರೋ.

ಇನ್ನೊಂದು ವಿಷಯ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಡೂಮ್ ನಿಮ್ಮ ಆಟವನ್ನು ರೆಕಾರ್ಡ್ ಮಾಡುತ್ತಿತ್ತು. ವಿಡಿಯೋ ಅಲ್ಲ, ನೀವು ಯಾವ ಕ್ಷಣ ಯಾವ ಕೀ ಒತ್ತಿದಿರಿ ಅನ್ನುವುದು ಮಾತ್ರ, ಹಾಗಾಗಿ ಫೈಲ್ ತೀರಾ ಚಿಕ್ಕದು, ಆಗಿನ ನಿಧಾನದ ಮೋಡೆಮ್‌ನಲ್ಲೂ ಕಳಿಸಬಹುದಿತ್ತು. ಬೇರೆಯವರು ತಮ್ಮ ಡೂಮ್‌ನಲ್ಲಿ ಅದನ್ನು ಓಡಿಸಿ ನೀವು ಆಡಿದ್ದನ್ನು ಹಾಗೆಯೇ ನೋಡಬಹುದಿತ್ತು. ಸ್ಪೀಡ್‌ರನ್, ಅಂದರೆ ಆಟವನ್ನು ಆದಷ್ಟು ಬೇಗ ಮುಗಿಸುವ ಪೈಪೋಟಿ, ಇವತ್ತು ಇಷ್ಟು ದೊಡ್ಡದಾಗಿದ್ದರೆ ಅದರ ಒಂದು ದೊಡ್ಡ ಬೇರು ಇಲ್ಲಿದೆ. 1997ರಲ್ಲಿ ಒಂದು ಗುಂಪು ಐಡಿಯವರದ್ದೇ ಇನ್ನೊಂದು ಶೂಟಿಂಗ್ ಗೇಮ್ ಕ್ವೇಕ್ ಇಡೀ ಆಟವನ್ನು ಅತಿ ಕಷ್ಟದ ಮಟ್ಟದಲ್ಲಿ 19 ನಿಮಿಷ 49 ಸೆಕೆಂಡ್‌ನಲ್ಲಿ ಮುಗಿಸಿ ತೋರಿಸಿತು.

ಒಗಟು ಪ್ರಿಯೆ

ಮಾಡ್ ಮನೆ ಅವರು ಹೇಳಿದ್ದೆಲ್ಲ ಸರಿ. ಆದರೆ ಮಿಸ್ಟ್ ಅಂದರೆ ಸುಮ್ನೆ ಮಾರಾಟದ ಲೆಕ್ಕ ಅನ್ನುವುದನ್ನು ನಾನು ಒಪ್ಪುವುದಿಲ್ಲ. (ಲೆಕ್ಕವೂ ಚಿಕ್ಕದೇನಲ್ಲ, 60 ಲಕ್ಷಕ್ಕೂ ಜಾಸ್ತಿ ಪ್ರತಿ ಹೋಗಿವೆ, 2002ರಲ್ಲಿ ದಿ ಸಿಮ್ಸ್ ದಾಟುವ ತನಕ ಪಿಸಿಯಲ್ಲಿ ಅದೇ ಮೊದಲು.)

ಒಂದು ವಿಷಯ ಯೋಚನೆ ಮಾಡಿ. ಡೂಮ್ ಆಡುತ್ತಾ ಆಡುತ್ತಾ ನಿಮ್ಮ ಕೈ ಪಳಗುತ್ತದೆ. ರಹಸ್ಯ ಬಾಗಿಲು ಎಲ್ಲಿದೆ ಅಂತ ಯಾರಾದರೂ ಹೇಳಿಕೊಟ್ಟರೆ ನಿಮಗೆ ಖುಷಿ, ಆಮೇಲೂ ಆಡುವ ಕೆಲಸ ಉಳಿದೇ ಇರುತ್ತದೆ. ಮಿಸ್ಟ್‌ನಲ್ಲಿ ಕೈಗೆ ಕೆಲಸವೇ ಇಲ್ಲ, ಬೇಕಾಗಿರುವುದು ತಿಳಿವಳಿಕೆ ಒಂದೇ. ಕೊನೆಯ ಉತ್ತರ ಮೊದಲ ದ್ವೀಪದಲ್ಲೇ ಇದೆ. ಗೊತ್ತಿದ್ದವರು ಒಂದೆರಡು ನಿಮಿಷದಲ್ಲಿ ಮುಗಿಸಿಬಿಡಬಹುದು. ಅಂದರೆ ಯಾರಾದರೂ ಉತ್ತರ ಹೇಳಿಬಿಟ್ಟರೆ ನಿಮ್ಮ ಆಟವನ್ನೇ ಕಿತ್ತುಕೊಂಡ ಹಾಗೆ ಅಲ್ವಾ?

ಹಾಗಾಗಿ ಇಂಥ ಆಟಗಳ ಸುತ್ತ ಬೆಳೆದ ನಡವಳಿಕೆಯೇ ಬೇರೆ. ಡೂಮ್ ಜನ ಗೊತ್ತಿದ್ದನ್ನೆಲ್ಲ ಹಂಚುತ್ತಾರೆ, ಮಿಸ್ಟ್ ಜನ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ಒಂದೊಂದೇ ಸುಳಿವು ಕೊಟ್ಟು, ಸಾಕಾಗದಿದ್ದರೆ ಮಾತ್ರ ಮುಂದಿನದನ್ನು ತೋರಿಸುವ ಹಿಂಟ್ ಫೈಲ್‌ಗಳು ಅಡ್ವೆಂಚರ್ ಗೇಮ್ ಆಡುವವರ ನಡುವೆ ಆಗಲೇ ಓಡಾಡುತ್ತಿದ್ದವು. ಮಿಸ್ಟ್ ಆ ಅಭ್ಯಾಸವನ್ನು ಮೊದಲು ಗೇಮ್ ಆಡದಿದ್ದ ಎಷ್ಟೋ ಜನಕ್ಕೂ ತಲುಪಿಸಿತು. ಪಕ್ಕದಲ್ಲಿ ನೋಟ್‌ಬುಕ್, ಅದರಲ್ಲಿ ನಕ್ಷೆ, ಚಿಹ್ನೆ, ಸ್ವರಗಳ ಗುರುತು, ಒಂದೇ ಪರದೆ ಮುಂದೆ ಇಬ್ಬರು ಮೂವರು ಕೂತು ಜಗಳ. ಇದೇ ಥರ ತಿಳಿವಳಿಕೆಯೇ ಆಟವಾಗಿರುವ 2019ರ ಔಟರ್ ವೈಲ್ಡ್ಸ್ ಅಭಿಮಾನಿಗಳನ್ನು ಕೇಳಿ ನೋಡಿ, "ಏನೂ ಓದಬೇಡ, ಸುಮ್ನೆ ಆಡು" ಅನ್ನುವುದು ಬಿಟ್ಟು ಬೇರೆ ಏನೂ ಹೇಳುವುದಿಲ್ಲ.

ನನಗೆ ಬೇಜಾರಾಗುವುದು ಒಂದೇ. "ಇದು ಗೇಮೇ ಅಲ್ಲ" ಅನ್ನುವ ಮಾತು ಅವತ್ತು ಮಿಸ್ಟ್‌ಗೆ ಬಿತ್ತು, ಇವತ್ತಿಗೂ ನಿಧಾನದ ಆಟಗಳಿಗೆ ಬೀಳುತ್ತಲೇ ಇದೆ. ಬರೀ ನಡೆದಾಡುತ್ತಾ ನೋಡುವ ಆಟಗಳಿಗೆ ವಾಕಿಂಗ್ ಸಿಮ್ಯುಲೇಟರ್ ಅನ್ನುವ ಹೆಸರೂ ಹಾಗೆ ಆಡಿಕೊಳ್ಳಲು ಬಳಸಿದ್ದೇ. ಆಡುವವರು ಎಷ್ಟೋ ಜನ ತಾವು ಗೇಮರ್ ಅಂತ ಹೇಳಿಕೊಳ್ಳಲು ಹಿಂಜರಿದಿದ್ದು ಈ ಮಾತಿನಿಂದ. ಅದು ನಿಜವಾದ ನಷ್ಟ.

ಮಾಡ್ ಮನೆ

ಹೇಳುವುದು, ಹೇಳದೇ ಇರುವುದು ಅಂತ ನೀವು ಮಾಡಿದ ವಿಂಗಡಣೆ ತುಂಬಾ ಹಿಡಿಸಿತು. ಡಾರ್ಕ್ ಸೋಲ್ಸ್ ನೋಡಿ, 2011ರದ್ದು. ಕೈಯೂ ಪಳಗಬೇಕು, ಗುಟ್ಟುಗಳೂ ಇವೆ. ಬೇರೆ ಆಟಗಾರರು ನೆಲದ ಮೇಲೆ ಬರೆದಿಟ್ಟ ಚಿಕ್ಕ ಸಂದೇಶಗಳು ನಿಮಗೆ ಕಾಣುತ್ತವೆ, ಆದರೆ ಕೊಟ್ಟ ಪದಗಳಲ್ಲೇ ಬರೆಯಬೇಕಾದ್ದರಿಂದ ಯಾರೂ ಪೂರ್ತಿ ಹೇಳಲು ಆಗುವುದಿಲ್ಲ. ಕೆಲವರು ಸುಳ್ಳೂ ಬರೆಯುತ್ತಾರೆ. ಎರಡೂ ಅಭ್ಯಾಸ ಒಂದೇ ಆಟದಲ್ಲಿ.

ವಾಕಿಂಗ್ ಸಿಮ್ಯುಲೇಟರ್ ಮಾತು ಬಂತಲ್ಲ, ಆ ಬಗೆಯ ಆಟ ಡಿಯರ್ ಎಸ್ತರ್ ಮೊದಲು ಬಂದಿದ್ದು 2008ರಲ್ಲಿ, ಹಾಫ್-ಲೈಫ್ 2ರ ಮಾಡ್ ಆಗಿ. ಒಂದು ದ್ವೀಪ, ನಡಿಗೆ, ಒಂದು ದನಿ, ಅಷ್ಟೇ. ಹಾಫ್-ಲೈಫ್ 2ರ ಎಂಜಿನ್‌ನ ಮೂಲ ಹುಡುಕುತ್ತಾ ಹೋದರೆ ಕ್ವೇಕ್ ಸಿಗುತ್ತದೆ, ಅಂದರೆ ಡೂಮ್ ಮಾಡಿದವರ ಕೈಕೆಲಸ. ಶೂಟರ್‌ಗಳು ಬಾಗಿಲು ತೆರೆದಿಟ್ಟಿದ್ದರಿಂದಲೇ ಬಂದೂಕು ತೆಗೆದುಹಾಕಿ ಬರೀ ದ್ವೀಪ ಉಳಿಸಿಕೊಳ್ಳಲು ಸಾಧ್ಯವಾಯಿತು. ಹಾಗಾಗಿ ಎರಡೂ ಪೂರ್ತಿ ಬೇರೆ ದಾರಿ ಹಿಡಿದವು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಸೇವ್ ಪಾಯಿಂಟ್

ಈ ಜಗಳದ ಇನ್ನೊಂದು ಮುಖವೂ ಇದೆ. 2020ರ ಮಾರ್ಚ್ 20ರಂದು ಡೂಮ್ ಎಟರ್ನಲ್ ಮತ್ತು ಅನಿಮಲ್ ಕ್ರಾಸಿಂಗ್ ಒಂದೇ ದಿನ ಬಂದವು. ಒಂದರಲ್ಲಿ ರಾಕ್ಷಸರ ಸಂಹಾರ, ಇನ್ನೊಂದರಲ್ಲಿ ಹೂವಿನ ಗಿಡಕ್ಕೆ ನೀರು ಹಾಕುವುದು. ಕಚ್ಚಾಡುವ ಬದಲು ಎರಡೂ ಕಡೆಯ ಅಭಿಮಾನಿಗಳು ಡೂಮ್ ನಾಯಕನನ್ನೂ ಅನಿಮಲ್ ಕ್ರಾಸಿಂಗ್‌ನ ಇಸಬೆಲ್ ಅನ್ನೂ ಗೆಳೆಯರಾಗಿ ಚಿತ್ರ ಬರೆದು ತುಂಬಿಸಿಬಿಟ್ಟರು. ಯಾವ ಕಂಪನಿಯೂ ಹೇಳಿಕೊಟ್ಟಿದ್ದಲ್ಲ. ಒಬ್ಬರೇ ಎರಡನ್ನೂ ಆಡುತ್ತಾರೆ ಅನ್ನುವುದು ಆಡುವವರಿಗೆ ಮೊದಲೇ ಗೊತ್ತಿತ್ತು.

ಪಿಕ್ಸೆಲ್ ಪಯಣ

ಎಲ್ಲರಿಗೂ ಥ್ಯಾಂಕ್ಸ್. ಎಷ್ಟು ಪಾಲು ಅಂತ ಅಳೆಯಲು ಹೊರಟಿದ್ದೆ, ಈಗ ಅದಕ್ಕಿಂತ ಒಳ್ಳೆಯ ಪ್ರಶ್ನೆ ಸಿಕ್ಕಿತು. ಮಿಸ್ಟ್ ಅನ್ನು ಸ್ವಲ್ಪ ದೂರ ಆಡಿ ಬಿಟ್ಟಿದ್ದೇನೆ, ಮತ್ತೆ ಶುರು ಮಾಡುತ್ತೇನೆ. ಗೈಡ್ ಇಟ್ಟುಕೊಳ್ಳಲಾ?

ಒಗಟು ಪ್ರಿಯೆ

ಬೇಡವೇ ಬೇಡ! ಪೆನ್ನು ಪೇಪರ್ ಇಟ್ಟುಕೊಳ್ಳಿ, ಶಬ್ದ ಆನ್ ಮಾಡಿ ಆಡಿ, ಕೆಲವು ಒಗಟುಗಳು ಕಿವಿಯಿಂದಲೇ ಬಿಡಿಸಬೇಕು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯಿರಿ, ಉತ್ತರ ಹೇಳುವುದಿಲ್ಲ, ಯಾವ ಕಡೆ ನೋಡಬೇಕು ಅಂತ ಮಾತ್ರ ಹೇಳುತ್ತೇನೆ.