ರಿಯಾಕ್ಟೂ ಗೊತ್ತು, ಸ್ಪ್ರಿಂಗ್ ಬೂಟೂ ಗೊತ್ತು; ಜೋಡಿಸುವುದೇ ಗೊತ್ತಿಲ್ಲ

ಪ್ರಶ್ನೆ:
ಮೇಡಂ, ಎಂಟು ತಿಂಗಳಿಂದ ಕಲಿಯುತ್ತಿದ್ದೇನೆ. ಸ್ಕ್ರೀನ್ ಕಟ್ಟುವ ರಿಯಾಕ್ಟ್ ಮುಗಿಸಿದೆ, ಸರ್ವರ್ ಕಡೆಯ ಸ್ಪ್ರಿಂಗ್ ಬೂಟ್ ಮುಗಿಸಿದೆ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಕ್ವೆರಿ ಬರೆಯುತ್ತೇನೆ. ಬಿಡಿಬಿಡಿಯಾಗಿ ಎಲ್ಲವೂ ಓಡುತ್ತದೆ. ಈಗ ಮೂರನ್ನೂ ಸೇರಿಸಿ ಒಂದು ಲೈಬ್ರರಿ ಆ್ಯಪ್ ಮಾಡಲು ಹೊರಟಿದ್ದೇನೆ. ಹತ್ತು ಸ್ಕ್ರೀನ್ ರೆಡಿ, ಸ್ಕ್ರೀನ್‌ಗಳು ಸರ್ವರನ್ನು ಕರೆಯುವ ಹದಿನಾಲ್ಕು ಎಪಿಐ ರೆಡಿ. ಜೋಡಿಸಿದ ದಿನವೇ ಎಲ್ಲ ಕೈಕೊಟ್ಟಿತು. ಪೋಸ್ಟ್‌ಮ್ಯಾನ್ ಅನ್ನುವ ಪರೀಕ್ಷಾ ಟೂಲ್‌ನಲ್ಲಿ ಸರಿಯಾಗಿ ಉತ್ತರ ಕೊಡುವ ಎಪಿಐ, ಬ್ರೌಸರ್‌ನಿಂದ ಕರೆದರೆ ಕಾರ್ಸ್ ಎರರ್ ಅನ್ನುತ್ತದೆ. ಸ್ಪ್ರಿಂಗ್ ಕಡೆ ಎಲ್ಲರಿಗೂ ಅನುಮತಿ ಅಂತ ಸ್ಟಾರ್ (*) ಹಾಕಿದೆ. ಪಟ್ಟಿ ಬಂತು, ಲಾಗಿನ್ ಕೆಟ್ಟಿತು. ಇನ್ನೊಂದು, ಪಟ್ಟಿಯಲ್ಲಿ ಕಾಣುವ ಪುಸ್ತಕದ ಮೇಲೆ ಕ್ಲಿಕ್ ಮಾಡಿದರೆ 404, ಅಂದರೆ ಸಿಗಲಿಲ್ಲ ಅನ್ನುವ ಎರರ್. ಡೇಟಾಬೇಸ್‌ನಲ್ಲಿ ನೋಡಿದರೆ ಪುಸ್ತಕ ಇದೆ! ನಾನು ಆರಿಸಿದ ಫ್ರೇಮ್‌ವರ್ಕ್‌ಗಳೇ ತಪ್ಪಾ?

ಉತ್ತರ:
ತಪ್ಪಲ್ಲ. ಪ್ರತಿ ಫ್ರೇಮ್‌ವರ್ಕೂ ತನ್ನ ಮನೆಯೊಳಗಿನದನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ. ಎರಡು ಮನೆಗಳ ನಡುವಿನ ಓಣಿ ಯಾರದ್ದೂ ಅಲ್ಲ. ನಿಮ್ಮ ತೊಂದರೆಗಳೆಲ್ಲ ಆ ಓಣಿಯಲ್ಲೇ ಇವೆ.

ಮೊದಲು ಕಾರ್ಸ್, ಅಂದರೆ ಒಂದು ವಿಳಾಸದ ಪುಟ ಇನ್ನೊಂದು ವಿಳಾಸದ ಉತ್ತರವನ್ನು ಓದಬಹುದೇ ಅನ್ನುವ ಬ್ರೌಸರ್ ನಿಯಮ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುವ ಹಾಗೆ, ಫುಲ್‌ಸ್ಟ್ಯಾಕ್‌ಗೆ (ಸ್ಕ್ರೀನ್, ಸರ್ವರ್ ಎರಡೂ ಮಾಡುವ ಕೆಲಸಕ್ಕೆ) ಬಂದವರಿಗೆ ಇದು ತಪ್ಪಿದ್ದಲ್ಲ. ನಿಮ್ಮ ರಿಯಾಕ್ಟ್ ಕೋಡನ್ನು ಓಡಿಸುವ ವೀಟ್ ಟೂಲ್ ಓಡುವುದು 5173 ಪೋರ್ಟ್‌ನಲ್ಲಿ, ಸ್ಪ್ರಿಂಗ್ ಬೂಟ್ 8080ರಲ್ಲಿ. ಎರಡೂ ಇರುವುದು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ, ನಿಜ. ಆದರೆ ಪೋರ್ಟ್ ಬೇರೆಯಾದರೆ ಬ್ರೌಸರ್ ಲೆಕ್ಕದಲ್ಲಿ ಒರಿಜಿನ್ (ಪುಟ ಬಂದ ಮೂಲ ವಿಳಾಸ) ಬೇರೆ. ಸರ್ವರ್ ಒಪ್ಪಿಗೆ ಕೊಡದಿದ್ದರೆ ಬಂದ ಉತ್ತರವನ್ನು ಬ್ರೌಸರ್ ನಿಮ್ಮ ಕೋಡ್‌ಗೆ ಓದಲು ಬಿಡುವುದಿಲ್ಲ. ಪೋಸ್ಟ್‌ಮ್ಯಾನ್ ಬ್ರೌಸರ್ ಅಲ್ಲ, ಅದಕ್ಕೆ ಈ ಕಾವಲು ಇಲ್ಲ. ಹಾಗಾಗಿ ಅಲ್ಲಿ ಓಡಿತು ಅನ್ನುವುದು ಇಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ.

ಸ್ಟಾರ್ ಹಾಕಿದ್ದರಿಂದ ಲಾಗಿನ್ ಯಾಕೆ ಕೆಟ್ಟಿತು ಅಂದರೆ, ಲಾಗಿನ್ ಗುರುತು ಹೊತ್ತ ಕುಕಿ ಸಮೇತ ಹೋಗುವ ರಿಕ್ವೆಸ್ಟ್‌ಗೆ ಸ್ಟಾರ್ ನಡೆಯುವುದಿಲ್ಲ. ಒರಿಜಿನ್ ಹೆಸರನ್ನೇ ಹೇಳಬೇಕು. ಇನ್ನೊಂದು ಮುಳ್ಳಿದೆ. ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆಯುವ ರೂಪ) ಕಳಿಸುವ ಪೋಸ್ಟ್ ರಿಕ್ವೆಸ್ಟ್‌ಗೆ ಮುಂಚೆ ಬ್ರೌಸರ್ ತಾನಾಗಿಯೇ ಒಂದು ಆಪ್ಷನ್ಸ್ ರಿಕ್ವೆಸ್ಟ್ ಕಳಿಸಿ "ಬರಬಹುದಾ?" ಅಂತ ಕೇಳುತ್ತದೆ. ಅದರ ಜೊತೆ ಕುಕಿ ಹೋಗುವುದಿಲ್ಲ. ಲಾಗಿನ್ ನೋಡಿಕೊಳ್ಳುವ ಸ್ಪ್ರಿಂಗ್ ಸೆಕ್ಯುರಿಟಿಯಲ್ಲಿ ಕಾರ್ಸ್ ಆನ್ ಮಾಡದಿದ್ದರೆ, ಕೇಳಲು ಬಂದವನನ್ನೇ ಲಾಗಿನ್ ಇಲ್ಲ ಅಂತ ಬಾಗಿಲಲ್ಲೇ ತಡೆಯುತ್ತದೆ.

ನಾನಾದರೆ ಈ ಜಗಳಕ್ಕೇ ಹೋಗುವುದಿಲ್ಲ. ವೀಟ್ ಕಾನ್ಫಿಗ್‌ನಲ್ಲಿ ಪ್ರಾಕ್ಸಿ (ನಡುವೆ ನಿಂತು ರಿಕ್ವೆಸ್ಟ್ ದಾಟಿಸುವ ವ್ಯವಸ್ಥೆ) ಹಾಕಿ, /ಎಪಿಐ ಇಂದ ಶುರುವಾಗುವುದೆಲ್ಲ 8080ಕ್ಕೆ ಹೋಗಲಿ. ಸರ್ವರ್‌ಗೆ ಹಾಕುವಾಗ ಇದೇ ಕೆಲಸವನ್ನು ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಮಾಡಲಿ. ಬ್ರೌಸರ್‌ಗೆ ಕಾಣುವುದು ಒಂದೇ ಒರಿಜಿನ್. ಕಾರ್ಸ್ ಮಾತೇ ಬರುವುದಿಲ್ಲ.

404 ಬಗ್ಗೆ ನನಗೊಂದು ಅನುಮಾನ ಇದೆ. ಡೇಟಾಬೇಸ್‌ನಲ್ಲಿರುವ ಐಡಿ ಮತ್ತು ಕ್ಲಿಕ್ ಮಾಡಿದಾಗ ಯುಆರ್‌ಎಲ್‌ನಲ್ಲಿ ಬರುವ ಐಡಿ, ಎರಡನ್ನೂ ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು:
ಡೇಟಾಬೇಸ್: 723456789012345679
ಯುಆರ್‌ಎಲ್: 723456789012345700
ಅಯ್ಯೋ, ಕೊನೆಯ ಅಂಕೆಗಳೇ ಬೇರೆ! ನಾನೆಲ್ಲೂ ಮುಟ್ಟಿಲ್ಲ ಮೇಡಂ.

ಉತ್ತರ:
ನೀವು ಮುಟ್ಟಿಲ್ಲ, ಜಾವಾಸ್ಕ್ರಿಪ್ಟ್ ಮುಟ್ಟಿದೆ. ಅದರ ನಂಬರ್‌ನಲ್ಲಿ ಪೂರ್ಣಾಂಕ ನಂಬಿಕಸ್ಥವಾಗಿ ಉಳಿಯುವುದು 9007199254740991ರ ತನಕ, ಅಂದರೆ ಹದಿನಾರು ಅಂಕೆ. ಜಾವಾದ ಲಾಂಗ್ ಹತ್ತೊಂಬತ್ತು ಅಂಕೆವರೆಗೆ ಹೋಗುತ್ತದೆ. ನಿಮ್ಮ ಐಡಿ ಹದಿನೆಂಟು ಅಂಕೆಯದ್ದು. ಜೇಸನ್ ಓದುವಾಗ ಹತ್ತಿರದ ಸಂಖ್ಯೆಗೆ ಜರುಗುತ್ತದೆ, ಎರರ್ ಬರುವುದಿಲ್ಲ, ಸದ್ದೂ ಇಲ್ಲ. ಕ್ರೋಮ್‌ನ ನೆಟ್‌ವರ್ಕ್ ಟ್ಯಾಬ್ ತೆಗೆದು ನೋಡಿ. "ರೆಸ್ಪಾನ್ಸ್" ಅನ್ನುವಲ್ಲಿ 679 ಇರುತ್ತದೆ, ಪಕ್ಕದ "ಪ್ರಿವ್ಯೂ"ನಲ್ಲಿ 700. ಒಂದೇ ಉತ್ತರ, ಎರಡು ಮುಖ. ನಾನೂ ಒಮ್ಮೆ ಪ್ರಿವ್ಯೂ ಮಾತ್ರ ನೋಡಿಕೊಂಡು ಅರ್ಧ ದಿನ ಬ್ಯಾಕೆಂಡ್‌ನವರನ್ನು ಸುಮ್ನೆ ಬೈದಿದ್ದೇನೆ.

ಐಡಿಯನ್ನು ಸ್ಟ್ರಿಂಗ್ (ಸಂಖ್ಯೆಯಲ್ಲ, ಬರೀ ಪಠ್ಯ) ಮಾಡಿ ಕಳಿಸಿ. ಐಡಿಗಳನ್ನು ಯಾರೂ ಕೂಡಿ ಕಳೆಯುವುದಿಲ್ಲವಲ್ಲ, ಅದು ನಂಬರ್ ಆಗಿರಬೇಕಾದ ಅಗತ್ಯವೇ ಇಲ್ಲ.

ಇದಕ್ಕಾಗಿ ಎಂಟಿಟಿಗೆ (ಟೇಬಲ್‌ಗೆ ಹೊಂದುವ ಜಾವಾ ಕ್ಲಾಸ್‌ಗೆ) ಕೈ ಹಾಕಬೇಡಿ, ಹೊರಗೆ ಕಳಿಸಲೆಂದೇ ಬೇರೆ ಡಿಟಿಒ ಕ್ಲಾಸ್ ಬರೆಯಿರಿ. ಎಂಟಿಟಿಯನ್ನೇ ನೇರವಾಗಿ ಕಳಿಸಿದರೆ ಪುಸ್ತಕದೊಳಗೆ ಲೇಖಕ, ಲೇಖಕನೊಳಗೆ ಪುಸ್ತಕ, ಅದರೊಳಗೆ ಮತ್ತೆ ಲೇಖಕ ಅಂತ ಎರರ್ ಬಂದು ನಿಲ್ಲುವ ತನಕ ಸುತ್ತಬಹುದು.

ನಿಜವಾದ ಎಡವಟ್ಟು ಬೇರೆ ಇದೆ. ಹತ್ತು ಸ್ಕ್ರೀನ್, ಹದಿನಾಲ್ಕು ಎಪಿಐ ಮುಗಿದ ಮೇಲೆ ಜೋಡಿಸಿದಿರಿ ಅಂದಿರಿ. ಮುಂದಿನ ಸಲ ಮೊದಲ ದಿನವೇ ಪುಸ್ತಕದ ಹೆಸರು ಅನ್ನುವ ಒಂದೇ ಫೀಲ್ಡ್ ತೆಗೆದುಕೊಳ್ಳಿ. ಫಾರ್ಮ್‌ನಲ್ಲಿ ಟೈಪ್ ಮಾಡಿದ್ದು ಟೇಬಲ್‌ಗೆ ಹೋಗಿ, ಅಲ್ಲಿಂದ ಬಂದು ಮತ್ತೆ ಸ್ಕ್ರೀನ್‌ನಲ್ಲಿ ಕಾಣಲಿ. ಅದನ್ನೇ ಸರ್ವರ್‌ಗೂ ಹಾಕಿ ನೋಡಿ. ನೋಡಲು ಏನೂ ಚೆಂದ ಇರುವುದಿಲ್ಲ. ಆದರೆ ಪ್ರಾಕ್ಸಿ, ಐಡಿ, ಪಾಸ್‌ವರ್ಡ್ ಕಾನ್ಫಿಗ್ ಎಲ್ಲದರ ಜಗಳ ಅವತ್ತೇ, ಒಂದೇ ಎಪಿಐ ಇರುವಾಗಲೇ ಮುಗಿಯುತ್ತದೆ.

ಇನ್ನೊಬ್ಬ ಸದಸ್ಯರು:
ಇಷ್ಟೆಲ್ಲ ಯಾಕೆ? ಜ್ಯಾಂಗೋ ಒಂದನ್ನೇ ಹಿಡಿದರೆ ಈ ತಲೆನೋವೇ ಇಲ್ಲ ಅಲ್ವಾ?

ಉತ್ತರ:
ಅಲ್ವೇ ಮತ್ತೆ! ರೇಲ್ಸ್ 2004ರಲ್ಲಿ, ಜ್ಯಾಂಗೋ 2005ರಲ್ಲಿ ಬಂದವು. ಸರ್ವರ್ರೇ ಎಚ್‌ಟಿಎಂಎಲ್ ಕಟ್ಟಿ ಕಳಿಸುತ್ತದೆ, ನಡುವೆ ಓಣಿಯೇ ಇಲ್ಲ. ಫಾರ್ಮು, ಪಟ್ಟಿ ಇಷ್ಟೇ ಇದ್ದರೆ ನಾನೂ ಅದನ್ನೇ ಆರಿಸುತ್ತೇನೆ, ಹಳೆಯದು ಅಂತ ಮೂಗು ಮುರಿಯುವುದಿಲ್ಲ. ಅದೇ ಎಪಿಐಯನ್ನು ಮೊಬೈಲ್ ಆ್ಯಪೂ ಬಳಸಬೇಕು, ಸ್ಕ್ರೀನ್‌ನಲ್ಲಿ ಎಳೆದು ಬಿಡುವ ಕೆಲಸ ಜಾಸ್ತಿ ಇದೆ ಅಂದಾಗ ರಿಯಾಕ್ಟ್‌ನ ಖರ್ಚು ಗಿಟ್ಟುತ್ತದೆ. ಇವರು ಕಲಿಯಲು ಮಾಡುತ್ತಿರುವುದರಿಂದ ಓಣಿಯಲ್ಲಿ ಸ್ವಲ್ಪ ಓಡಾಡಲಿ ಬಿಡಿ.

ಪ್ರಶ್ನೆ ಕೇಳಿದವರು:
ಪ್ರಾಕ್ಸಿ ಹಾಕಿದೆ, ಐಡಿ ಸ್ಟ್ರಿಂಗ್ ಮಾಡಿದೆ. ಎರಡೂ ಸರಿಹೋಯಿತು, ಥ್ಯಾಂಕ್ಸ್ ಮೇಡಂ! ಸರ್ವರ್‌ಗೂ ಹಾಕಿದೆ. ಮುಖಪುಟದಿಂದ ಕ್ಲಿಕ್ ಮಾಡುತ್ತಾ ಹೋದರೆ ಪುಸ್ತಕದ ಪುಟ ಬರುತ್ತದೆ. ಅಲ್ಲೇ ರಿಫ್ರೆಶ್ ಒತ್ತಿದರೆ ಮತ್ತೆ 404.

ಉತ್ತರ:
ಈ 404 ಸ್ಪ್ರಿಂಗ್ ಕೊಟ್ಟಿದ್ದಲ್ಲ, ಎಂಜಿನ್‌ಎಕ್ಸ್ ಕೊಟ್ಟಿದ್ದು. ಕ್ಲಿಕ್ ಮಾಡಿದಾಗ ಪುಟ ಬದಲಿಸುವುದು ಬ್ರೌಸರ್‌ನೊಳಗಿರುವ ರಿಯಾಕ್ಟ್ ರೂಟರ್. ರಿಫ್ರೆಶ್ ಮಾಡಿದಾಗ ಆ ವಿಳಾಸ ನೇರವಾಗಿ ಎಂಜಿನ್‌ಎಕ್ಸ್‌ಗೆ ಹೋಗುತ್ತದೆ, ಅದು ಆ ಹೆಸರಿನ ಫೈಲ್ ಹುಡುಕುತ್ತದೆ. ಅಂಥ ಫೈಲ್ ಇಲ್ಲ. ಟ್ರೈ-ಫೈಲ್ಸ್ ಸಾಲಿನಲ್ಲಿ, ಏನೂ ಸಿಗದಿದ್ದರೆ ಇಂಡೆಕ್ಸ್ ಎಚ್‌ಟಿಎಂಎಲ್ ಕೊಡು ಅಂತ ಹೇಳಿ. ಆದರೆ /ಎಪಿಐ ದಾರಿಯನ್ನು ಅದರಿಂದ ಹೊರಗಿಡಿ. ಇಲ್ಲದಿದ್ದರೆ ಎಪಿಐ ಕರೆಗೂ ಅದೇ ಎಚ್‌ಟಿಎಂಎಲ್ ಬರುತ್ತದೆ, ಕನ್ಸೋಲ್‌ನಲ್ಲಿ "ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ <" ಅಂತ ಕಾಣುತ್ತದೆ. ಆ ಚಿಹ್ನೆ ಕಂಡರೆ ಜೇಸನ್ ಪಾರ್ಸ್ ಮಾಡುವ ಕೋಡ್ ಕೆದಕುತ್ತಾ ಕೂರಬೇಡಿ, ಎಂಜಿನ್‌ಎಕ್ಸ್ ಕಾನ್ಫಿಗ್ ತೆಗೆಯಿರಿ.