ಕಾಫಿ ಕಣದ ಮೇಲೆ ಇಂಜಿನ್ ಆಯಿಲ್ ಕಲೆ: ಆ್ಯಸಿಡ್ ಹಾಕಿದರೂ ಹೋಗುತ್ತಿಲ್ಲ

ಬೆಳೆಗಾರ, ಸುಂಟಿಕೊಪ್ಪ:
ಎಲ್ಲರಿಗೂ ನಮಸ್ಕಾರ. ಕಾಫಿ ಒಣಗಿಸುವ ನಮ್ಮ ಸಿಮೆಂಟು ಕಣದ ಮೂಲೆಯಲ್ಲಿ ಮಳೆಗಾಲ ಪೂರ್ತಿ ಪಿಕಪ್ ನಿಲ್ಲಿಸಿದ್ದೆವು. ಇಂಜಿನ್ ಅಡಿಯಿಂದ ಆಯಿಲ್ ಸೋರುತ್ತಿದ್ದದ್ದು ಗೊತ್ತೇ ಆಗಲಿಲ್ಲ. ಈಗ ಗಾಡಿ ತೆಗೆದು ನೋಡಿದರೆ ಎರಡು ಚಾಪೆ ಅಗಲದ ಕಪ್ಪು ಕಲೆ. ಸೋಪಿನ ಪುಡಿ ಹಾಕಿ ಉಜ್ಜಿಸಿದೆ, ಹೋಗಲಿಲ್ಲ. ಯಾರೋ ಹೇಳಿದರು ಅಂತ ಬಾತ್‌ರೂಮ್ ತೊಳೆಯುವ ಆ್ಯಸಿಡ್ ಎರಡು ಬಾಟಲಿ ಸುರಿದೆ. ಬುಸುಬುಸು ನೊರೆ ಬಂತು. ತೊಳೆದ ಮೇಲೆ ನೋಡಿದರೆ ಕಲೆಯ ಸುತ್ತ ಸಿಮೆಂಟು ಬೆಳ್ಳಗಾಗಿದೆ, ಕೈಯಾಡಿಸಿದರೆ ಬೆರಳಿಗೆ ಮರಳು ಹತ್ತುತ್ತದೆ. ನಡುವಿನ ಕಪ್ಪು ಮಾತ್ರ ಹಾಗೇ ಇದೆ. ಅರೇಬಿಕಾ ಹಣ್ಣಾಗುತ್ತಿದೆ, ಇನ್ನು ಮೂರು ವಾರಕ್ಕೆ ಕೊಯ್ಲು. ಪ್ರೆಶರ್ ವಾಷರ್ ಬಾಡಿಗೆಗೆ ತಂದು ಹೊಡೆದರೆ ಹೋಗಬಹುದಾ?

ಬೆಳೆಗಾರ್ತಿ, ಸೋಮವಾರಪೇಟೆ:
ಇನ್ನು ಆ್ಯಸಿಡ್ ಮುಟ್ಟಬೇಡಿ ಅಣ್ಣ. ಡೀಸೆಲ್, ಸೀಮೆಎಣ್ಣೆ ಹಾಕಿ ಉಜ್ಜಿ ಅಂತಲೂ ಯಾರಾದರೂ ಹೇಳುತ್ತಾರೆ, ಕೇಳಬೇಡಿ. ನಮ್ಮ ಕಣದಲ್ಲಿ ಹಾಗೆ ಮಾಡಿ, ಕಲೆ ತೆಳ್ಳಗಾಗಿ ಇನ್ನಷ್ಟು ಅಗಲಕ್ಕೆ ಹರಡಿತು. ವಾಸನೆಯಂತೂ ಬಿಸಿಲೇರಿದಾಗಲೆಲ್ಲ ಮೇಲೆ ಬರುತ್ತಿತ್ತು. ಕಾಫಿ ಪಕ್ಕದಲ್ಲಿರುವ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಅಷ್ಟು ಕಷ್ಟಪಟ್ಟು ಬೆಳೆದದ್ದು ಹಾಳಾಗಬಾರದು ಅಲ್ವಾ?

ವಾಟರ್ ಸರ್ವಿಸ್‌ನವನು, ಗೋಣಿಕೊಪ್ಪಲು:
ಅಕ್ಕ ಹೇಳಿದ್ದು ಸರಿ. ದಿನಾ ಆಯಿಲ್ ಬಿದ್ದ ಕಾಂಕ್ರೀಟನ್ನೇ ತೊಳೆಯುವವನು ನಾನು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಾಂಕ್ರೀಟು ಕಲ್ಲಿನ ಹಾಗೆ ಕಂಡರೂ ಒಳಗೆಲ್ಲ ಕಣ್ಣಿಗೆ ಕಾಣದ ತೂತು. ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ಅದು ಆಯಿಲ್ ಎಳೆದುಕೊಳ್ಳುತ್ತದೆ. ಆ್ಯಸಿಡ್ ತಿನ್ನುವುದು ಸಿಮೆಂಟಿನಲ್ಲಿರುವ ಸುಣ್ಣವನ್ನು, ಆಯಿಲನ್ನಲ್ಲ. ಆಯಿಲ್ ಕೂತ ಜಾಗದಲ್ಲಿ ಸಿಮೆಂಟಿಗೆ ತಾಗುವುದಕ್ಕೂ ಆಗುವುದಿಲ್ಲ. ಅದಕ್ಕೇ ನಿಮ್ಮಲ್ಲಿ ಸುತ್ತ ತಿಂದಿದೆ, ನಡುವೆ ಹಾಗೇ ಉಳಿದಿದೆ.

ಸುಮ್ನೆ ಪ್ರೆಶರ್ ಮಾತ್ರ ಹೊಡೆದರೂ ಪ್ರಯೋಜನವಿಲ್ಲ. ಮೇಲಿನ ಜಿಡ್ಡು ಹೋಗುತ್ತದೆ, ಒಳಗಿನದು ನಾಲ್ಕು ದಿನಕ್ಕೆ ಮತ್ತೆ ಮೇಲೇರುತ್ತದೆ. ಮೊದಲು ಬಿಡಿಸಬೇಕು, ಆಮೇಲೆ ತೊಳೆಯಬೇಕು.

ಈಗಾಗಲೇ ಆ್ಯಸಿಡ್ ಬಿದ್ದಿದೆಯಲ್ಲ, ಅಡುಗೆ ಸೋಡಾ ಕರಗಿಸಿದ ನೀರು ಹಾಕಿ. ನೊರೆ ಬರುವುದು ನಿಲ್ಲುವವರೆಗೂ ಹಾಕಿ, ಚೆನ್ನಾಗಿ ತೊಳೆದು ಒಣಗಿಸಿ. ಬ್ಲೀಚಿಂಗ್ ಪುಡಿ ಮಾತ್ರ ಹತ್ತಿರ ತರಬೇಡಿ. ಆ್ಯಸಿಡ್ ಜೊತೆ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಜೀವಕ್ಕೇ ಅಪಾಯ.

ಒಣಗಿದ ಮೇಲೆ ಮರದ ಪುಡಿ ಹರಡಿ, ಗಮ್‌ಬೂಟಿನಲ್ಲಿ ತುಳಿದು ಒಂದು ರಾತ್ರಿ ಬಿಡಿ. ಮೇಲೆ ಉಳಿದ ಆಯಿಲೆಲ್ಲ ಅದಕ್ಕೆ ಹತ್ತುತ್ತದೆ. ಗುಡಿಸಿ ಹಳೇ ಡಬ್ಬಕ್ಕೆ ತುಂಬಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ಆಮೇಲೆ ಡಿಗ್ರೀಸರ್, ಅಂದರೆ ಜಿಡ್ಡು ಬಿಡಿಸುವ ದ್ರಾವಣ. ತೆಂಗಿನೆಣ್ಣೆಯಾಗಿದ್ದರೆ ಕಾಸ್ಟಿಕ್ ಸೋಡಾ ಅದನ್ನು ಸಾಬೂನೇ ಮಾಡಿಬಿಡುತ್ತಿತ್ತು. ಇಂಜಿನ್ ಆಯಿಲ್ ಹಾಗೆ ಸಾಬೂನಾಗುವುದಿಲ್ಲ. ಅದನ್ನು ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನ ಜೊತೆ ಕಳಿಸಬೇಕು. ಕಾಂಕ್ರೀಟಿಗೆ ಅಂತಲೇ ಬರುವ ಕ್ಷಾರದ ಡಿಗ್ರೀಸರ್ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ 10 ಲೀಟರ್ ಬಿಸಿ ನೀರಿಗೆ ಅರ್ಧ ಕಿಲೋ ವಾಷಿಂಗ್ ಸೋಡಾ, ಒಂದು ಲೋಟ ಪಾತ್ರೆ ತೊಳೆಯುವ ಲಿಕ್ವಿಡ್. ಪ್ಲಾಸ್ಟಿಕ್ ಬಕೆಟ್ ಬಳಸಿ, ಅಲ್ಯೂಮಿನಿಯಂ ಬೇಡ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು, ಕೆಲಸದವರಿಗೂ ಕೊಡಿ. ಸುರಿದು 15–20 ನಿಮಿಷ ಬಿಡಿ, ನಡುನಡುವೆ ಗಟ್ಟಿ ನೈಲಾನ್ ಬ್ರಷ್‌ನಲ್ಲಿ ಉಜ್ಜಿ. ಒಣಗಲು ಬಿಟ್ಟರೆ ಬಿಟ್ಟ ಆಯಿಲೇ ವಾಪಸ್ ಕೂರುತ್ತದೆ, ಹಾಗಾಗಿ ಮಟಮಟ ಮಧ್ಯಾಹ್ನ ಬೇಡ. ತಂತಿ ಬ್ರಷ್ ಕೂಡ ಬೇಡ, ಅದರ ಚೂರು ಉಳಿದು ತುಕ್ಕಿನ ಕಲೆಯಾಗುತ್ತದೆ.

ಬೆಳೆಗಾರ, ಸುಂಟಿಕೊಪ್ಪ:
ತುಂಬಾ ಉಪಕಾರ ಆಯಿತು. ಮರದ ಪುಡಿ ಇವತ್ತೇ ಹಾಕಿಸಿದೆ. ಬಾಡಿಗೆ ಮೆಷಿನ್ 150 ಬಾರ್ ಒತ್ತಡದ್ದು, ಜೊತೆಗೆ ನಾಲ್ಕು ಬಣ್ಣದ ನಾಜಲ್ ಕೊಟ್ಟಿದ್ದಾರೆ. ಯಾವುದು ಹಾಕಲಿ?

ವಾಟರ್ ಸರ್ವಿಸ್‌ನವನು, ಗೋಣಿಕೊಪ್ಪಲು:
ಸಾಮಾನ್ಯವಾಗಿ ಹಸಿರು 25 ಡಿಗ್ರಿ, ಕೆಂಪು 0 ಡಿಗ್ರಿ. ಆದರೂ ನಾಜಲ್ ಮೇಲಿನ ಅಂಕಿ ನೋಡಿಕೊಳ್ಳಿ. 25 ಹಾಕಿ. ಸೊನ್ನೆಯದರಲ್ಲಿ ನೀರು ಸೂಜಿಯ ಹಾಗೆ ಬರುತ್ತದೆ, ಕಣದ ಮೇಲೆ ಗೀರು ಬೀಳುವುದು ಖಂಡಿತ. ನಿಮ್ಮದು ಆ್ಯಸಿಡ್ ತಿಂದ ಮೈ. ಎರಡು ಗೇಣು ದೂರದಿಂದ ಶುರುಮಾಡಿ, ಮರಳು ಏಳದಿದ್ದರೆ ಒಂದು ಗೇಣಿಗೆ ಬನ್ನಿ. ಗನ್ ಒಂದೇ ಕಡೆ ಹಿಡಿಯಬೇಡಿ, ಕಸ ಗುಡಿಸಿದ ಹಾಗೆ ಸಾಲು ಹಿಡಿದು ಹೋಗಿ.

ಹೊಡೆಯುವ ಮೊದಲು ಕೆಳಗಿನ ಅಂಚಿಗೆ ಮರಳು ಚೀಲ ಇಟ್ಟು, ಮರದ ಪುಡಿ ಕಟ್ಟೆ ಮಾಡಿ. ಆ ಜಿಡ್ಡು ನೀರು ತೋಡಿಗೆ ಇಳಿಯಬಾರದು. ನಿಮ್ಮ ತೋಡಿನ ನೀರು ಕೊನೆಗೆ ಕಾವೇರಿಗೇ ಹೋಗುವುದು. ಕೆಳಗೆ ಲೈನ್ ಮನೆಯಲ್ಲಿರುವ ತೋಟದ ಕೆಲಸದವರು ಪಾತ್ರೆ ತೊಳೆಯುವುದೂ ಅದರಲ್ಲೇ ಇರಬಹುದು.

ಬೆಳೆಗಾರ, ಸುಂಟಿಕೊಪ್ಪ:
ಎರಡು ಸಲ ಡಿಗ್ರೀಸರ್, ಎರಡು ಸಲ ಪ್ರೆಶರ್ ಆಯಿತು. ಮೊದಲ ಸಲ ನೀರು ಹಾಲು ಹಾಕದ ಕಟ್ಟನ್ ಕಾಫಿಯ ಹಾಗೆ ಬಂತು, ಎರಡನೇ ಸಲ ತೆಳು ಬೂದಿ ಬಣ್ಣ. ಅಂಚೆಲ್ಲ ಬಿಟ್ಟಿದೆ. ನಡುವೆ ತಟ್ಟೆಯಷ್ಟು ಜಾಗದಲ್ಲಿ ಇನ್ನೂ ನೆರಳಿನಂತೆ ಇದೆ. ಅಲ್ಲಿ ಸಿಮೆಂಟು ಬಳಿದುಬಿಡಲಾ?

ವಾಟರ್ ಸರ್ವಿಸ್‌ನವನು, ಗೋಣಿಕೊಪ್ಪಲು:
ಪೂರ್ತಿ ಒಣಗಿದ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಕೆಸುವಿನ ಎಲೆ ಮೇಲಿನ ಹಾಗೆ ಗುಂಡಗೆ ನಿಂತರೆ ಒಳಗೆ ಆಯಿಲ್ ಇದೆ ಅಂತ. ಅದರ ಮೇಲೆ ಸಿಮೆಂಟು ಹಿಡಿಯುವುದಿಲ್ಲ, ಚಕ್ಕೆ ಏಳುತ್ತದೆ. ಟಾಲ್ಕ್ ಪುಡಿಯನ್ನು ಡಿಗ್ರೀಸರ್‌ನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಬೆರಳು ದಪ್ಪಕ್ಕೆ ಮೆತ್ತಿ. ಪ್ಲಾಸ್ಟಿಕ್ ಮುಚ್ಚಿ, ಅಂಚಿಗೆ ಟೇಪ್ ಅಂಟಿಸಿ 24 ಗಂಟೆ ಬಿಡಿ. ಆಮೇಲೆ ಪ್ಲಾಸ್ಟಿಕ್ ತೆಗೆದು ಒಣಗಿಸಿ. ಒಣಗುವಾಗ ಪುಡಿ ಆಯಿಲನ್ನು ಮೇಲಕ್ಕೆ ಎಳೆಯುತ್ತದೆ.

ಬೆಳೆಗಾರ, ಸುಂಟಿಕೊಪ್ಪ:
ಮೆತ್ತಿದ್ದು ಇವತ್ತು ಬೆಳಿಗ್ಗೆ ಕೆರೆದೆ. ಬಿಳಿ ಪುಡಿಯ ಅಡಿಭಾಗ ಹಳದಿ ತಿರುಗಿತ್ತು. ತೊಳೆದು ಒಣಗಿಸಿ ನೀರು ಹಾಕಿದೆ, ಅಂಚಿನಲ್ಲಿ ತಕ್ಷಣ ಇಂಗಿತು, ನಟ್ಟನಡುವೆ ಸ್ವಲ್ಪ ಹೊತ್ತು ನಿಂತು ಇಂಗಿತು. ಇನ್ನೊಂದು ಸಲ ಮೆತ್ತುತ್ತೇನೆ. ಗಾಡಿಯ ಆಯಿಲ್ ಸೀಲ್ ಬದಲಾಯಿಸಿ ಆಯಿತು.

ಬೆಳೆಗಾರ್ತಿ, ಸೋಮವಾರಪೇಟೆ:
ಒಳ್ಳೆಯದಾಯಿತು ಅಣ್ಣ. ಆದರೂ ಈ ವರ್ಷ ಆ ಮೂಲೆಯಲ್ಲಿ ಕಾಫಿ ಹರಡಬೇಡಿ, ಟಾರ್ಪಾಲ್ ಹಾಸಿ ಕೂಡ ಬೇಡ. ಬಿಸಿಲಿಗೆ ಕಾದಾಗ ವಾಸನೆ ಬರುತ್ತದಾ ಅಂತ ಬಗ್ಗಿ ಮೂಸಿ ನೋಡುತ್ತಿರಿ.

ಬೆಳೆಗಾರ, ಸುಂಟಿಕೊಪ್ಪ:
ಸರಿ ಅಕ್ಕ. ಈ ಸಲ ಅಲ್ಲಿ ಏಣಿ, ಬುಟ್ಟಿ ಇಡಿಸುತ್ತೇನೆ.